ಪೊಲೀಸರು ತಡೆದಾಗ ಗೌರವದಿಂದ ಮಾತನಾಡಿದರೆ ನಿಜಕ್ಕೂ ವ್ಯತ್ಯಾಸವಾಗುತ್ತದೆಯೇ?

ತುಂಗಾತೀರ (ಪ್ರಶ್ನೆ):
ನನ್ನ ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಬೈಕಿನಲ್ಲಿ ಓಡಾಡುತ್ತಿದ್ದಾನೆ. ಲೈಸೆನ್ಸು, ವಿಮೆ, ಹೊಗೆ ತಪಾಸಣೆಯ ಪತ್ರ ಎಲ್ಲವೂ ಕ್ರಮಬದ್ಧವಾಗಿವೆ. ಆದರೂ ಸಂಚಾರ ಪೊಲೀಸರು ಕೈ ಅಡ್ಡ ಹಿಡಿದರೆ ಸಾಕು, ಅವನ ದನಿ ಏರುತ್ತದೆ. ಕಾನೂನಿನ ವಿಷಯಗಳನ್ನು ಮೊಬೈಲಿನಲ್ಲಿ ನೋಡಿ ತಿಳಿದುಕೊಂಡಿರುವುದರಿಂದ "ಯಾವ ಕಲಮಿನಡಿ ನನ್ನನ್ನು ನಿಲ್ಲಿಸಿದಿರಿ?" ಎಂಬುದೇ ಅವನ ಮೊದಲ ಮಾತಾಗಿರುತ್ತದೆ. ಕೂಡಲೇ ಮುಗಿಯಬೇಕಾದ ತಪಾಸಣೆ ವಾಗ್ವಾದಕ್ಕೆ ತಿರುಗುತ್ತದೆ. ಸ್ವಲ್ಪ ಸಮಾಧಾನದಿಂದ ಮಾತನಾಡು ಎಂದು ನಾನು ಹೇಳಿದರೆ, ತಪ್ಪು ಮಾಡದವನು ಏಕೆ ತಗ್ಗಬೇಕು ಎಂದು ಕೇಳುತ್ತಾನೆ. ಗೌರವದ ನಡವಳಿಕೆಯಿಂದ ಆಗುವ ಪ್ರಯೋಜನವೇನು, ಅದರ ಮಿತಿ ಎಲ್ಲಿ ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಎಎಸ್‌ಐ:
ನಿಮ್ಮ ಮಗ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಆದರೆ ಅದನ್ನು ಕೇಳುವ ಹೊತ್ತು ತಪ್ಪು ಎಂದು ನನಗೆ ಅನ್ನಿಸುತ್ತದೆ. ವಾಹನ ನಿಂತ ಕ್ಷಣದಲ್ಲಿ ಸಿಬ್ಬಂದಿಗೆ ಎದುರಿನವನ ಬಗ್ಗೆ ಏನೂ ಗೊತ್ತಿರುವುದಿಲ್ಲ. ಇವನು ಓಡಿಹೋಗುತ್ತಾನೋ, ಕುಡಿದಿದ್ದಾನೋ, ಬೈಕು ಕದ್ದದ್ದೋ ಎಂಬುದನ್ನು ಅವರು ಅಂದಾಜು ಮಾಡುತ್ತಿರುತ್ತಾರೆ. ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು, ಮುಖ ಕಾಣುವಂತೆ ನಿಂತು "ಹೇಳಿ ಸಾರ್" ಎಂದರೆ ಆ ಅನುಮಾನಗಳಲ್ಲಿ ಹೆಚ್ಚಿನವು ಅಲ್ಲಿಯೇ ಕರಗುತ್ತವೆ. ಅದರ ಬದಲು ಎಂಜಿನ್ ಗುರುಗುಟ್ಟಿಸುತ್ತ ಸವಾಲು ಹಾಕಿದವನನ್ನು ಸಹಜವಾಗಿಯೇ ಇನ್ನೊಮ್ಮೆ ಪರೀಕ್ಷಿಸಬೇಕೆನಿಸುತ್ತದೆ; ಹಾಗೆ ಹುಡುಕಲು ಹೊರಟರೆ ನಂಬರ್ ಪ್ಲೇಟಿನ ಅಕ್ಷರದಲ್ಲೋ ಸೈಲೆನ್ಸರಿನಲ್ಲೋ ಏನಾದರೊಂದು ಸಿಗದೆ ಇರುವುದಿಲ್ಲ.

ಬಿಸಿಲಿನಲ್ಲಿ, ಹೊಗೆಯಲ್ಲಿ ಇಡೀ ಪಾಳಿ ನಿಂತ ಪೇದೆಗೂ ಸಹನೆಯ ಎಲ್ಲೆ ಎಂಬುದಿದೆ. ಸಣ್ಣಪುಟ್ಟ ವಿಷಯಗಳಲ್ಲಿ ಎಚ್ಚರಿಕೆ ಕೊಟ್ಟು ಕಳಿಸುವುದೋ ದಂಡ ಹಾಕುವುದೋ ಎಂಬ ವಿವೇಚನೆ ಅಧಿಕಾರಿಗೆ ಇರುತ್ತದೆ, ಮತ್ತು ಮಾತಿನ ರೀತಿ ಪರಿಣಾಮ ಬೀರುವುದು ಆ ಜಾಗದಲ್ಲಿ ಮಾತ್ರ. ಕ್ಯಾಮೆರಾ ದಾಖಲಿಸಿದ ಸಿಗ್ನಲ್ ಉಲ್ಲಂಘನೆಗೆ ಯಾರ ವಿನಯವೂ ಲೆಕ್ಕಕ್ಕೆ ಬರುವುದಿಲ್ಲ. ಕುಡಿದು ಓಡಿಸಿದ ಪ್ರಕರಣವೂ ಅಷ್ಟೆ: 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿದ ಮದ್ಯಾಂಶ ಕಂಡುಬಂದರೆ ಅದು ನ್ಯಾಯಾಲಯಕ್ಕೆ ಹೋಗುವ ವಿಷಯ. ಇನ್ನು, "ನಾನು ಯಾರು ಗೊತ್ತಾ, ಶಾಸಕರಿಗೆ ಫೋನ್ ಮಾಡಲೇ?" ಎನ್ನುವವರಿಗಿಂತ ತಮ್ಮ ಕೆಲಸವನ್ನು ತಾವೇ ಕೆಡಿಸಿಕೊಳ್ಳುವವರನ್ನು ನನ್ನ ಸೇವಾವಧಿಯಲ್ಲಿ ನಾನು ಕಾಣಲಿಲ್ಲ.

ಧಾರವಾಡದ ವಕೀಲ:
ಮೇಲಿನವರ ಮಾತಿಗೆ ಕಾನೂನಿನ ಬದಿಯಿಂದ ಒಂದಿಷ್ಟು ಸೇರಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 130ನೇ ಕಲಮಿನಂತೆ, ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದಾಗ ಚಾಲಕನು ಲೈಸೆನ್ಸನ್ನು ಪರಿಶೀಲನೆಗೆ ತೋರಿಸಬೇಕು. ಡಿಜಿಲಾಕರ್‌ನಲ್ಲಿರುವ ಪ್ರತಿಯೂ ಸಾಕು. 2018ರಲ್ಲಿ ಕೇಂದ್ರ ನಿಯಮಕ್ಕೆ ತಂದ ತಿದ್ದುಪಡಿ ವಿದ್ಯುನ್ಮಾನ ದಾಖಲೆಯನ್ನು ಒಪ್ಪುತ್ತದೆ. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲು ವಾಹನ ತಡೆಯಬಾರದು, ಕುಡಿದು ಓಡಿಸುವವರ ತಪಾಸಣೆಯೊಂದೇ ಅದಕ್ಕೆ ಹೊರತು ಎಂದು 2022ರಲ್ಲಿ ರಾಜ್ಯದ ಅಂದಿನ ಪೊಲೀಸ್ ಮಹಾನಿರ್ದೇಶಕರೇ ಸಾರ್ವಜನಿಕವಾಗಿ ಸ್ಪಷ್ಟಪಡಿಸಿದ್ದರು. ಆದ್ದರಿಂದ ತಡೆದ ಕಾರಣ ಕೇಳುವುದು ಉದ್ಧಟತನವಲ್ಲ. ಲೈಸೆನ್ಸು ಕೈಗೆ ಕೊಡುತ್ತಲೇ "ಸಾರ್, ಏನು ತಪ್ಪಾಯಿತೆಂದು ತಿಳಿಸುತ್ತೀರಾ?" ಎಂದರೆ ಅದೇ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಗೌರವ ಬೇರೆ, ಒಪ್ಪಿಗೆ ಬೇರೆ ಎಂಬುದನ್ನು ನಿಮ್ಮ ಮಗನಿಗೆ ಬಿಡಿಸಿ ಹೇಳಿ. ತಪ್ಪು ಮಾಡಿಲ್ಲವೆನಿಸಿದರೆ ದಂಡ ಕಟ್ಟದೆ ನ್ಯಾಯಾಲಯದಲ್ಲಿ ಹೇಳಿಕೊಳ್ಳುತ್ತೇನೆ ಎಂದು ತಣ್ಣಗೆ ತಿಳಿಸಬಹುದು. ರಸ್ತೆಯಲ್ಲಿ ಗೆದ್ದ ವಾದಕ್ಕೆ ಯಾವ ಬೆಲೆಯೂ ಇಲ್ಲ, ಆದರೆ ಅಲ್ಲಿ ಆಡಿದ ಒಂದು ಕೆಟ್ಟ ಮಾತು, ತಳ್ಳಿದ ಒಂದು ಕೈ ಬೇರೆಯೇ ಪ್ರಕರಣವಾಗಬಹುದು: ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 221ನೇ ಕಲಂ ಇದೆ, ಬಲಪ್ರಯೋಗ ಮಾಡಿದರೆ 132ನೆಯದು. ಐನೂರು ರೂಪಾಯಿಯ ಹೆಲ್ಮೆಟ್ ದಂಡದ ಜಗಳದಿಂದ ಶುರುವಾಗಿ ಜಾಮೀನಿನವರೆಗೆ ಬಂದ ಹುಡುಗರು ನನ್ನ ಕಕ್ಷಿದಾರರಲ್ಲಿದ್ದಾರೆ.

ಖಾಕಿ ಮನೆಯ ಮಗಳು:
ಇಬ್ಬರ ಮಾತೂ ಸರಿಯೇ, ಆದರೆ ಇಬ್ಬರೂ ಎಲ್ಲರ ವಿನಯಕ್ಕೂ ಒಂದೇ ಬೆಲೆ ಎಂದುಕೊಂಡಂತಿದೆ. ನನ್ನ ತಂದೆ ಆಟೋ ಚಾಲಕರು. ಅವರೂ ಖಾಕಿಯನ್ನೇ ತೊಡುತ್ತಾರೆ. ದಾಖಲೆಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಜೋಡಿಸಿಟ್ಟುಕೊಂಡು, ಯಾರು ತಡೆದರೂ ಇಳಿದು ನಿಂತು "ಸಾರ್" ಎಂದೇ ಮಾತನಾಡುತ್ತಾರೆ. ಅವರಿಗೆ ಸಿಗುವ ಉತ್ತರ ಮಾತ್ರ ಬಹಳ ಸಲ ಏಕವಚನದಲ್ಲಿರುತ್ತದೆ. ತಮ್ಮ ಮಗನ ವಯಸ್ಸಿನವನಾಗಬಹುದಾದ ಪೇದೆಯೊಬ್ಬ "ಏಯ್, ಬಾರೋ ಇಲ್ಲಿ" ಎಂದು ಕರೆದನೆಂದು ಅವರು ಮನೆಗೆ ಬಂದು ಹೇಳುವಾಗ, ದಂಡಕ್ಕಿಂತ ಆ ಕರೆಯೇ ಅವರನ್ನು ಹೆಚ್ಚು ನೋಯಿಸಿರುತ್ತದೆ. ಕಾರಿನಿಂದ ಇಂಗ್ಲಿಷ್ ಮಾತನಾಡುತ್ತ ಇಳಿದವರಿಗೆ ಆ ಕರೆ ಕೇಳಿಸುವುದು ಅಪರೂಪ. ಊಟ ತಲುಪಿಸುವ ಹುಡುಗರನ್ನು, ಬೇರೆ ರಾಜ್ಯದ ಕಟ್ಟಡ ಕಾರ್ಮಿಕರನ್ನು ಕೇಳಿ ನೋಡಿ, ಇದನ್ನೇ ಹೇಳುತ್ತಾರೆ.

ಹಾಗೆಂದು ಅಪ್ಪ ತಮ್ಮ ರೀತಿಯನ್ನು ಬಿಟ್ಟಿಲ್ಲ, ಬಿಡಲಿ ಎಂದು ನಾನೂ ಹೇಳುವುದಿಲ್ಲ; ಅವರ ದುಡಿಮೆ ದಿನದ ಲೆಕ್ಕದ್ದು, ಜಗಳಕ್ಕೆ ಕೊಡುವ ಒಂದು ಗಂಟೆಯೂ ಸಂಪಾದನೆಯಿಂದಲೇ ಕಳೆಯುತ್ತದೆ. ಆದರೆ ಜನಕ್ಕೆ ಸೌಜನ್ಯ ಕಲಿಸುವ ಮೊದಲು, ಕೈಯಲ್ಲಿ ಅಧಿಕಾರವಿರುವವರಿಂದ ಅದನ್ನು ನಿರೀಕ್ಷಿಸುವುದು ನ್ಯಾಯ.

ನಿವೃತ್ತ ಎಎಸ್‌ಐ:
ತಂಗಿ ಹೇಳಿದ್ದನ್ನು ಅಲ್ಲಗಳೆಯಲಾರೆ. ಬಟ್ಟೆ ನೋಡಿ ವಚನ ಬದಲಿಸುವ ಚಾಳಿ ಇಲಾಖೆಯಲ್ಲಿದೆ. ಮೈಮೇಲೆ ಕ್ಯಾಮೆರಾ ಧರಿಸಿ ಕೆಲಸ ಮಾಡುವ ಪದ್ಧತಿ ಬಂದ ಮೇಲೆ ಎರಡೂ ಕಡೆಯವರ ದನಿ ಇಳಿದಿದೆ ಎಂದು ಈಗಲೂ ಸೇವೆಯಲ್ಲಿರುವ ಗೆಳೆಯರು ಹೇಳುತ್ತಾರೆ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಇನ್ನೊಂದೇ ಸಂದೇಹ: ರಸೀದಿಯಿಲ್ಲದೆ ಹಣ ಕೇಳಿದರೆ ಆಗಲೂ ಗೌರವದಿಂದಲೇ ನಡೆದುಕೊಳ್ಳಬೇಕೇ?

ಧಾರವಾಡದ ವಕೀಲ:
ಆಗಲೇ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. "ದಂಡ ಕಟ್ಟಲು ಸಿದ್ಧನಿದ್ದೇನೆ ಸಾರ್, ದಯವಿಟ್ಟು ರಸೀದಿ ಕೊಡಿ" ಎಂಬ ಮಾತಿನಲ್ಲಿ ಯಾರೂ ತಪ್ಪು ಹುಡುಕಲಾರರು, ಮತ್ತು ಬಹುಪಾಲು ಸಂದರ್ಭಗಳಲ್ಲಿ ವಿಷಯ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಎದೆಯ ಮೇಲಿನ ಹೆಸರು, ಸ್ಥಳ, ಸಮಯ ಗುರುತಿಟ್ಟುಕೊಂಡು ಹೊರಟುಬಂದು, ಮೇಲಧಿಕಾರಿಗೆ ಇಲ್ಲವೇ ಲೋಕಾಯುಕ್ತಕ್ಕೆ ಬರವಣಿಗೆಯಲ್ಲಿ ದೂರು ಕೊಡಲಿ. ಸಂಯಮ ಕಳೆದುಕೊಳ್ಳದೆ ಮಾತನಾಡಿದವನ ದೂರನ್ನು "ಕುಡಿದು ಗಲಾಟೆ ಮಾಡಿದ" ಎಂದು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ.