“ಪವರ್ ಬ್ರೇಕ್”ಗೆ “ಒತ್ತಾಸೆ ಬ್ರೇಕ್” ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ಒಂದು ಮಾತಿನ ಬಗ್ಗೆ ನಿಮ್ಮ ಸಹಾಯ ಬೇಕು. “ಪವರ್ ಬ್ರೇಕ್” ಅನ್ನುವುದೇ ಆ ಮಾತು. ಬ್ರೇಕ್ ಬಗ್ಗೆ ನನ್ನ ತಕರಾರಿಲ್ಲ, ಅದು ಕನ್ನಡವೇ ಆಗಿಹೋಗಿದೆ. ತೊಂದರೆ ಇರುವುದು ಪವರ್‌ನಲ್ಲಿ.

ಅಪ್ಪನ ಕಾಲದ ಅಂಬಾಸಿಡರ್ ಒಂದು ಮನೆಯಲ್ಲಿದೆ. 1978ರ ಮಾರ್ಕ್ 3, ಪೆಟ್ರೋಲ್ ಗಾಡಿ. ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರ ಮೇ ತಿಂಗಳಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಗುಲ್ಬರ್ಗ ಹೋಗಿ ಕಲಬುರಗಿ ಆಯಿತು. ಹಾಗಾಗಿ ಆ ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಮರೆತಿಲ್ಲ. ನಂತರದ ಕೆಲವು ಅಂಬಾಸಿಡರ್‌ಗಳಿಗೆ ಮುಂದೆ ಡಿಸ್ಕ್ ಬ್ರೇಕ್ ಬಂದಿತ್ತು. ನಮ್ಮ ಗಾಡಿಗೂ ಮುಂದಿನ ಎರಡು ಗಾಲಿಗೆ ಡಿಸ್ಕ್ ಹಾಕಿಸಿದೆವು, ಜೊತೆಗೆ ಬೂಸ್ಟರ್. ಬೂಸ್ಟರ್ ಇರುವ ಬ್ರೇಕಿಗೇ ಪವರ್ ಬ್ರೇಕ್ ಅನ್ನುವುದು. ಹಿಂದೆ ಡ್ರಮ್ಮೇ ಉಳಿಯಿತು.

ಗಾಡಿ ತಯಾರಾದಾಗ ಎಲ್ಲರಿಗೂ “ಈಗ ಪವರ್ ಬ್ರೇಕ್ ಇದೆ” ಎಂದು ಖುಷಿಯಿಂದ ಹೇಳಿದೆ. ಕಾಕಾನಿಗೂ ಅದನ್ನೇ ಹೇಳಿದೆ. ಅವರು ಹಳೆಯ ರೂಢಿಯಂತೆ ಪೆಟ್ರೋಲ್ ಉಳಿಸಲು ಓವರ್‌ಬ್ರಿಡ್ಜ್ ಇಳಿಯುವಾಗ ಇಂಜಿನ್ ಬಂದ್ ಮಾಡಿದರು. ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿದರು, ಚೆನ್ನಾಗೇ ಇತ್ತು. ಆಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಎರಡೂ ಕಾಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸುವ ಹೊತ್ತಿಗೆ ಮುಂದಿನ ಆಟೋ ಒಂದು ಮಾರು ದೂರದಲ್ಲಿತ್ತು. ಮನೆಗೆ ಬಂದು ಅವರು ಕೇಳಿದ ಪ್ರಶ್ನೆ ಇದು: “ಕೀಲಿ ಚಾಲೂ ಇತ್ತು. ಬ್ಯಾಟ್ರಿ ಛಲೋ ಅದ. ಮತ್ತ ಪವರ್ ಯಾಕ ಹೋಯ್ತು?”

ತಪ್ಪು ಅವರದಲ್ಲ. ನಾನು ಕೊಟ್ಟ ಮಾತಿನದು. ನಮ್ಮ ಕನ್ನಡದಲ್ಲಿ ಪವರ್ ಅಂದರೆ ಮೊದಲು ಕರೆಂಟ್. “ಪವರ್ ಹೋಯ್ತು” ಅಂದರೆ ಲೈಟ್ ಹೋಯ್ತು ಅಂತಲೇ ಅಲ್ವಾ? ಕನ್ನಡಕಕ್ಕೂ ಪವರ್ ಇದೆ, ಕುರ್ಚಿಯಲ್ಲಿ ಕೂತವರಿಗೂ ಪವರ್ ಇದೆ. ಕಾರಿಗೆ ಬಂದರೆ ಇನ್ನೂ ಗೊಂದಲ. ಪವರ್ ವಿಂಡೋ ನಡೆಯುವುದು ಕರೆಂಟಿನಿಂದ. ಪವರ್ ಸ್ಟೀರಿಂಗ್ ಕೆಲವು ಗಾಡಿಗಳಲ್ಲಿ ಎಣ್ಣೆಯ ಒತ್ತಡದಿಂದ, ಕೆಲವುಗಳಲ್ಲಿ ಮೋಟರಿನಿಂದ. ಪವರ್ ಬ್ರೇಕ್ ನಮ್ಮ ಗಾಡಿಯಲ್ಲಿ ನಡೆಯುವುದು ಗಾಳಿಯಿಂದ. ಒಂದೇ ಮಾತು ಮೂರು ಬೇರೆ ಬೇರೆ ಕೆಲಸಕ್ಕೆ ನಿಂತಿದೆ.

ಬೂಸ್ಟರ್ ಅಂದರೆ ಪೆಡಲ್ ಮುಂದೆ ಕೂರುವ ಒಂದು ದುಂಡನೆ ತಗಡಿನ ಡಬ್ಬಿ. ಒಳಗೆ ನಡುವೆ ರಬ್ಬರಿನ ಪರದೆ. ಇಂಜಿನ್ ಉಸಿರು ಎಳೆಯುವಾಗ ಒಂದು ಪೈಪಿನ ಮೂಲಕ ಡಬ್ಬಿಯ ಎರಡೂ ಕಡೆಯ ಗಾಳಿಯನ್ನು ಎಳೆದುಕೊಂಡಿರುತ್ತದೆ. ನಾವು ಪೆಡಲ್ ಒತ್ತಿದ ಕೂಡಲೇ ಹಿಂದಿನ ಕಡೆಗೆ ಮಾತ್ರ ಹೊರಗಿನ ಗಾಳಿ ನುಗ್ಗುತ್ತದೆ. ಮುಂದೆ ಗಾಳಿ ಕಡಿಮೆ, ಹಿಂದೆ ಜಾಸ್ತಿ. ಪರದೆ ಮುಂದಕ್ಕೆ ತಳ್ಳಲ್ಪಟ್ಟು ನಮ್ಮ ಕಾಲಿನ ಜೊತೆ ತಾನೂ ಒತ್ತುತ್ತದೆ. ಇಂಜಿನ್ ನಿಂತರೆ ಡಬ್ಬಿಯಲ್ಲಿ ಉಳಿದದ್ದು ಎರಡು ಮೂರು ಸಲಕ್ಕೆ ಸಾಕಾಗುತ್ತದೆ. ಆಮೇಲೂ ಬ್ರೇಕ್ ಇರುತ್ತದೆ, ಆದರೆ ಪೂರ್ತಿ ನಮ್ಮ ಕಾಲಿನ ಬಲದಲ್ಲೇ. ಬ್ಯಾಟರಿಗೂ ಇದಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ಹಳೆಯ ಡ್ರಮ್ಮಿಗೆ ಇದೆಲ್ಲ ಯಾಕೆ ಬೇಕಿರಲಿಲ್ಲ? ಡ್ರಮ್ಮಿನೊಳಗಿನ ಶೂ ಒಮ್ಮೆ ತಾಗಿದರೆ, ತಿರುಗುವ ಡ್ರಮ್ಮೇ ಮುಂದಿನ ಶೂವನ್ನು ಎಳೆದು ಇನ್ನಷ್ಟು ಬಿಗಿ ಮಾಡುತ್ತದೆ. ನಮ್ಮ ಮಿಸ್ತ್ರಿ ಇದಕ್ಕೆ “ಶೂ ಕಚ್ಚತದ” ಅನ್ನುತ್ತಾರೆ. ಎಷ್ಟು ಸರಿಯಾದ ಮಾತು! ಡಿಸ್ಕ್‌ಗೆ ಈ ಕಚ್ಚುವ ಗುಣವಿಲ್ಲ. ಎರಡು ಪ್ಯಾಡುಗಳು ಎರಡೂ ಬದಿಯಿಂದ ತಟ್ಟೆಯನ್ನು ಅಮುಕುತ್ತವೆ, ಅಷ್ಟೇ. ಅದಕ್ಕೇ ಜಾಸ್ತಿ ಒತ್ತಡ ಬೇಕು, ಅದಕ್ಕೇ ಬೂಸ್ಟರ್.

ಈಗ ಮಾತಿಗೆ ಬರುತ್ತೇನೆ. “ಶಕ್ತಿ ಬ್ರೇಕ್” ಅಂದರೆ ಬಹಳ ಜೋರಾದ ಬ್ರೇಕ್ ಎಂಬ ಅರ್ಥ ಬರುತ್ತದೆ. “ಹವಾ ಬ್ರೇಕ್” ಅನ್ನೋಣವೆಂದರೆ ಅದು ಆಗಲೇ ಲಾರಿ, ಬಸ್ಸಿನವರ ಮಾತು. ಅಲ್ಲಿ ಟ್ಯಾಂಕಿನಲ್ಲಿ ತುಂಬಿಟ್ಟ ಗಾಳಿಯೇ ಬ್ರೇಕ್ ಹಾಕುತ್ತದೆ. ಪುಸ್ತಕದವರು “ನಿರ್ವಾತ ಬ್ರೇಕ್” ಅನ್ನಬಹುದು. ಇದು ಇನ್ನೂ ಅಪಾಯ. ಹಳೆಯ ರೈಲುಗಳಲ್ಲಿದ್ದ ನಿರ್ವಾತ ಬ್ರೇಕ್ ಪೂರ್ತಿ ಉಲ್ಟಾ. ಸರಪಳಿ ಎಳೆದರೆ ಪೈಪಿಗೆ ಗಾಳಿ ನುಗ್ಗಿ, ನಿರ್ವಾತ ಹೋಗಿ, ರೈಲು ನಿಲ್ಲುತ್ತಿತ್ತು. ನಮ್ಮ ಕಾರಿನಲ್ಲಿ ನಿರ್ವಾತ ಹೋದರೆ ನಿಲ್ಲಿಸುವುದೇ ಕಷ್ಟ. ಒಂದೇ ಹೆಸರು ಇಟ್ಟರೆ ಓದುವವನಿಗೆ ಮೋಸವಾಗುತ್ತದೆ.

ಮಿಸ್ತ್ರಿಯನ್ನೇ ಕೇಳಿದೆ. ಅವರು ಹೇಳಿದ್ದು: “ಪವರ್ ಅಂದ್ರ ಕರೆಂಟ್ ಅಲ್ರಿ. ಇಂಜಿನ್ ಹವಾ ಜಗ್ತದ, ಬೂಸ್ಟರ್ ಕಾಲಿಗೆ ಸಾಥ್ ಕೊಡ್ತದ.” ಸಾಥ್! ನಮ್ಮ ಕಡೆ ಉರ್ದುವಿನಿಂದ ಬಂದ ಮಾತು, ಇಲ್ಲಿ ಎಲ್ಲರಿಗೂ ತಿಳಿಯುತ್ತದೆ. ಕೆಲಸ ಮಾಡುವುದು ಕಾಲು, ಜೊತೆ ನಿಲ್ಲುವುದು ಬೂಸ್ಟರ್ ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಶಿವಮೊಗ್ಗ, ಮೈಸೂರಿನ ಕಡೆಯವರಿಗೆ ಇದು ಅಷ್ಟು ಹತ್ತಿರದ ಮಾತಲ್ಲ.

ಆಗ ಹೊಳೆದದ್ದು “ಒತ್ತಾಸೆ”. ಒಬ್ಬರಿಗೆ ಒತ್ತಾಸೆಯಾಗಿ ನಿಲ್ಲುವುದು ಎಂದು ಎಲ್ಲ ಕಡೆಯೂ ಹೇಳುತ್ತೇವೆ. ಬೆಂಬಲ, ನೆರವು ಎಂಬ ಅರ್ಥ. ಮಾತಿನೊಳಗೆ “ಒತ್ತು” ಕೂಡ ಕೇಳಿಸುತ್ತದೆ, ಬ್ರೇಕಿಗೆ ಅದಕ್ಕಿಂತ ಹೊಂದುವುದು ಇನ್ನೇನು? ಮುಖ್ಯವಾಗಿ, ಒತ್ತಾಸೆ ಹೋದರೂ ಕೆಲಸ ಪೂರ್ತಿ ನಿಲ್ಲುವುದಿಲ್ಲ, ಒಬ್ಬನೇ ಹೆಣಗಬೇಕಾಗುತ್ತದೆ. ಬೂಸ್ಟರಿನ ಸ್ವಭಾವವೂ ಇದೇ. ನನಗಂತೂ ಇದು ಬಹಳ ಹಿಡಿಸಿದೆ. ಆದರೆ ಒಬ್ಬನೇ ಮೆಚ್ಚಿದ ಮಾತು ಬಳಕೆಗೆ ಬರುವುದಿಲ್ಲ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಉಳಿದ ಭಾಗಗಳಿಗೆ ಹೊಸ ಹೆಸರು ಬೇಡ ಅನಿಸುತ್ತದೆ. ಡಿಸ್ಕ್, ಪ್ಯಾಡ್, ಲೈನರ್, ಮಾಸ್ಟರ್ ಸಿಲಿಂಡರ್ ಎಲ್ಲರ ಬಾಯಲ್ಲಿವೆ. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಏನೆಂದು ಅಮ್ಮ ಕೇಳಿದಾಗ “ಬಿಸಿ ಪಾತ್ರೆ ಹಿಡಿಯೋ ಇಕ್ಕಳದ ಹಾಗೆ” ಅಂದೆ, ತಕ್ಷಣ ತಿಳಿಯಿತು. ಅಷ್ಟು ಸಾಕು. ಒಂದು ಮಾತ್ರ ಹಳೆಯ ಹೆಸರಿಗೆ ಕಾದಿದೆ. ಗಾಲಿಯ ನಟ್ಟು ಸಡಿಲವಾಗದಂತೆ ತೂರಿಸುವ ಸ್ಪ್ಲಿಟ್ ಪಿನ್. ವಚನಗಳಲ್ಲಿ ಬರುವ ಬಂಡಿಯ ಕಡೆಗೀಲು ಮಾಡುತ್ತಿದ್ದದ್ದೂ ಇಂಥದೇ ಕೆಲಸ, ಗಾಲಿ ಕಳಚದಂತೆ ಕಾಯುವುದು. ಮಿಸ್ತ್ರಿಗೆ ಹೇಳಿದೆ, ಅವರು ಅಂದಿನಿಂದ ಹಾಗೇ ಕರೆಯುತ್ತಿದ್ದಾರೆ.

ಕೊನೆಗೆ ಒಂದು ಕ್ರಿಯಾಪದ. ನಮ್ಮಲ್ಲಿ ಬ್ರೇಕ್ “ಹತ್ತುತ್ತದೆ”. “ಬ್ರೇಕ್ ಹತ್ತಲಿಲ್ರಿ” ಅಂದರೆ ಒತ್ತಿದೆ, ಆದರೆ ಗಾಡಿ ನಿಲ್ಲಲಿಲ್ಲ. ತೆಂಕಣದ ಗೆಳೆಯರು “ಬ್ರೇಕ್ ಹಿಡೀಲಿಲ್ಲ” ಅನ್ನುತ್ತಾರೆ. ಮನುಷ್ಯ ಮಾಡುವುದಕ್ಕೆ ಹಾಕು, ಹೊಡಿ, ಒತ್ತು, ತುಳಿ. ಗಾಡಿ ಮಾಡುವುದಕ್ಕೆ ಹತ್ತು, ಹಿಡಿ, ಕಚ್ಚು. ಈ ಎರಡು ಗುಂಪು ಎಷ್ಟು ಚೆನ್ನಾಗಿ ಬೇರೆಯಾಗಿವೆ ನೋಡಿ. ಕಾಕಾನ ಬ್ರೇಕ್ ಹತ್ತದೇ ಇರಲಿಲ್ಲ, ಒತ್ತಲು ಬರುತ್ತಿರಲಿಲ್ಲ. ಗ್ಯಾರೇಜಿನಲ್ಲಿ ಇದನ್ನು ಸರಿಯಾಗಿ ಹೇಳಿದರೆ ಅರ್ಧ ರಿಪೇರಿ ಮುಗಿದ ಹಾಗೆ. ಹತ್ತದಿದ್ದರೆ ಪ್ಯಾಡ್, ಎಣ್ಣೆ ನೋಡುತ್ತಾರೆ. ಒತ್ತಲು ಗಟ್ಟಿಯಾದರೆ ಬೂಸ್ಟರ್, ಅದರ ಪೈಪು ನೋಡುತ್ತಾರೆ. ಬೂಸ್ಟರ್ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಇಂಜಿನ್ ಬಂದ್ ಇರುವಾಗ ನಾಲ್ಕೈದು ಸಲ ಪೆಡಲ್ ಒತ್ತಿ, ಒತ್ತಿ ಹಿಡಿದೇ ಇಂಜಿನ್ ಚಾಲೂ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಒತ್ತಾಸೆ ಬಂತು ಎಂದರ್ಥ.

ಬೀದರ್, ಯಾದಗಿರಿ ಕಡೆ ಮಿಸ್ತ್ರಿಗಳು ಇದಕ್ಕೆ ಬೇರೆ ಏನಾದರೂ ಅನ್ನುತ್ತಾರಾ? ಒತ್ತಾಸೆಗೆ ನಿಮ್ಮ ಊರಿನಲ್ಲಿ ಬೇರೆ ಅರ್ಥ ಉಂಟಾ? ಸುಮ್ನೆ ಕೇಳುತ್ತಿಲ್ಲ. ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಲು ಚೀಟಿ ಬರೆದಿಟ್ಟಿದ್ದೇನೆ: “ಇಂಜಿನ್ ಬಂದ್ ಮಾಡಿ ಗಾಡಿ ಉರುಳಿಸಬೇಡಿ. ಬ್ರೇಕಿನ ಒತ್ತಾಸೆ ಇಂಜಿನ್ ಜೊತೆಗೇ ಹೋಗುತ್ತದೆ.” ಬರುವ ಸೋಮವಾರ ಕಾಕಾ ಇದೇ ಗಾಡಿಯಲ್ಲಿ ಹುಮನಾಬಾದಿಗೆ ಹೊರಟಿದ್ದಾರೆ. ಅಷ್ಟರೊಳಗೆ ತಿದ್ದುವುದಿದ್ದರೆ ದಯವಿಟ್ಟು ತಿಳಿಸಿ.