ಅಮ್ಮನ ಫಿಸ್ಟುಲಾ ನಿಂತುಹೋಗಿದೆ, ಇನ್ನೊಮ್ಮೆ ಕೈ ಕೊಯ್ಯಿಸಿಕೊಳ್ಳಲು ಒಪ್ಪುತ್ತಿಲ್ಲ: ಅನುಭವ ಇರುವವರು ದಯವಿಟ್ಟು ಹೇಳಿ

ಕೇಳುತ್ತಿರುವವರು: ಮಗಳು, ರಾಜಾಜಿನಗರ

ಅಮ್ಮನಿಗೆ 61 ವರ್ಷ. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಯುಗಾದಿಗೆ ಸ್ವಲ್ಪ ಮೊದಲು ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ದಿನ, ಬೆಳಗಿನ ಮೊದಲ ಪಾಳಿ. ಡಯಾಲಿಸಿಸ್ ಸೂಜಿ ಹಾಕಲೆಂದು ಎಡ ಮಣಿಕಟ್ಟಿನಲ್ಲಿ ಕೊಯ್ದು ರಕ್ತನಾಳಗಳನ್ನು ಜೋಡಿಸಿ ಮಾಡಿದ್ದ ಫಿಸ್ಟುಲಾ ಕೆಲವು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ದಿನ ವಾಂತಿ ಭೇದಿಯಾಗಿ ಅಮ್ಮ ಬಹಳ ಸುಸ್ತಾದರು. ಎರಡು ದಿನ ಕಳೆದು ಡಯಾಲಿಸಿಸ್‌ಗೆ ಹೋದಾಗ, ಕೈಯಲ್ಲಿ ರಕ್ತ ಹೆಪ್ಪುಗಟ್ಟಿದೆ, ಫಿಸ್ಟುಲಾ ನಿಂತುಹೋಗಿದೆ ಎಂದರು. ಆಗಿನಿಂದ ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ಕೊಳವೆಯಾದ ಕ್ಯಾತಿಟರ್‌ನಲ್ಲೇ ನಡೆಯುತ್ತಿದೆ. ಐದು ತಿಂಗಳಲ್ಲಿ ಎರಡು ಸಲ ಚಳಿಜ್ವರ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಈಗ ಮೊಣಕೈಯ ಮೇಲ್ಭಾಗದಲ್ಲಿ ಹೊಸ ಫಿಸ್ಟುಲಾ ಮಾಡಬೇಕು, ಅದಕ್ಕೂ ಮೊದಲು ಎದೆಯ ದೊಡ್ಡ ರಕ್ತನಾಳಗಳ ಪರೀಕ್ಷೆ ಆಗಬೇಕು ಎನ್ನುತ್ತಿದ್ದಾರೆ. ಅಮ್ಮನದು ಒಂದೇ ಮಾತು: "ಕೊಯ್ದದ್ದು ಸಾಕು, ಕುತ್ತಿಗೆಯಲ್ಲಿ ನೋವಿಲ್ಲದೆ ನಡೆಯುತ್ತಿದೆ, ಹೀಗೇ ಇರಲಿ." ಅವರನ್ನು ಬಲವಂತ ಮಾಡುವುದು ಸರಿಯೇ? ಮತ್ತೆ ಮಾಡಿಸಿ ಅದೂ ನಿಂತುಹೋದರೆ? ಇದನ್ನು ದಾಟಿ ಬಂದವರು ಹೇಗೆ ನಿಭಾಯಿಸಿದಿರಿ?

ನಿವೃತ್ತ ಶಿಕ್ಷಕರು, ಬಸವನಗುಡಿ

ತಾಯಿ, ನಾನು 11 ವರ್ಷದಿಂದ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದೇನೆ. ನಿಮ್ಮ ಅಮ್ಮ ಈಗ ಹೇಳುತ್ತಿರುವ ಮಾತನ್ನೇ ನಾನೂ ಒಂದು ಕಾಲದಲ್ಲಿ ಹೇಳಿದ್ದೆ, ಆದ್ದರಿಂದ ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಕುತ್ತಿಗೆಯ ಕ್ಯಾತಿಟರ್ ಇದ್ದರೆ ಪ್ರತಿ ಸಲ ಎರಡು ದಪ್ಪ ಸೂಜಿ ಚುಚ್ಚಿಸಿಕೊಳ್ಳುವ ಸಂಕಟವಿಲ್ಲ. ನೋವಿಲ್ಲದ ದಾರಿಯನ್ನು ಬಿಟ್ಟು ನೋವಿನ ದಾರಿಗೆ ಯಾರು ತಾನೇ ಮನಸ್ಸಾರೆ ಹೋಗುತ್ತಾರೆ? ಆದರೆ ಆ ಕೊಳವೆಯ ಒಳತುದಿ ಇರುವುದು ಹೃದಯದ ಬಾಗಿಲಲ್ಲಿ. ಹೊರತುದಿ ಇರುವುದು ಬಟ್ಟೆ, ಬೆವರು, ಸ್ನಾನದ ನೀರಿನ ನಡುವೆ. ಕ್ರಿಮಿಗೆ ಅದಕ್ಕಿಂತ ನೇರವಾದ ದಾರಿ ಬೇರೆ ಇಲ್ಲ. ಫಿಸ್ಟುಲಾ ಎಂದರೆ ನಮ್ಮದೇ ಅಪಧಮನಿಯನ್ನು ನಮ್ಮದೇ ಅಭಿಧಮನಿಗೆ ಸೇರಿಸುವುದು. ಹೊರಗಿನ ವಸ್ತು ಒಳಗೆ ಉಳಿಯುವುದಿಲ್ಲ. ನ್ಯೂಯಾರ್ಕಿನ ವೈದ್ಯರು 1966ರಲ್ಲಿ ಇದನ್ನು ಪ್ರಕಟಿಸಿದರು. ಅಷ್ಟು ವರ್ಷವಾದರೂ ಇದಕ್ಕಿಂತ ಹೆಚ್ಚು ಬಾಳಿಕೆ ಬರುವ, ಸೋಂಕು ಕಡಿಮೆ ಇರುವ ದಾರಿ ಸಿಕ್ಕಿಲ್ಲ.

ನನ್ನ ಎರಡು ಬೆಳಗುಗಳ ಕಥೆ ಹೇಳುತ್ತೇನೆ, ಅಮ್ಮನಿಗೆ ಓದಿ ಹೇಳಿ.

ನನ್ನ ಮೊದಲ ಫಿಸ್ಟುಲಾ ಕೂಡ ಎಡ ಮಣಿಕಟ್ಟಿನದು. ಒಂದು ಶನಿವಾರ ಡಯಾಲಿಸಿಸ್ ನಡೆಯುವಾಗ ಬಿಪಿ ತೀರಾ ಇಳಿದು, ಮೀನಖಂಡ ಹಿಡಿದುಕೊಂಡು, ಅರ್ಧಕ್ಕೇ ನಿಲ್ಲಿಸಬೇಕಾಯಿತು. ತಪ್ಪು ನನ್ನದೇ. ಮದುವೆ ಊಟ ಮಾಡಿ, ಬಿಸಿಲಿಗೆ ಎರಡು ದಿನ ಮಿತಿಮೀರಿ ನೀರು ಕುಡಿದು, ಮೂರೂವರೆ ಕಿಲೋ ತೂಕ ಏರಿಸಿಕೊಂಡು ಹೋಗಿದ್ದೆ. ಅಷ್ಟನ್ನೂ ನಾಲ್ಕು ಗಂಟೆಯೊಳಗೆ ತೆಗೆಯಲು ಹೋದರೆ ಬಿಪಿ ಬೀಳದೆ ಇರುತ್ತದೆಯೇ? ಭಾನುವಾರ ಬೆಳಿಗ್ಗೆ ಎದ್ದು ಕೈ ಮುಟ್ಟಿದರೆ, ಫಿಸ್ಟುಲಾದಲ್ಲಿ ರಕ್ತ ಹರಿಯುವಾಗ ಬೆರಳಿಗೆ ಸಿಗುವ ಕಂಪನ ಇರಲಿಲ್ಲ. ಮಂಗಳವಾರ ಹೇಗೂ ಹೋಗುತ್ತೇನಲ್ಲ, ಆಗ ತೋರಿಸಿದರಾಯಿತು ಎಂದುಕೊಂಡೆ. ಹೆಂಡತಿಗೂ ಹೇಳಲಿಲ್ಲ. ಮಂಗಳವಾರದ ಹೊತ್ತಿಗೆ ಒಳಗಿನ ಹೆಪ್ಪು ಗಟ್ಟಿಯಾಗಿತ್ತು, ಇನ್ನು ತೆಗೆಯಲಾಗದು ಎಂದರು. ಭಾನುವಾರವೇ ಹೋಗಿದ್ದರೆ ಉಳಿಸಿಕೊಳ್ಳಬಹುದಿತ್ತೋ ಏನೋ. ಆ ಎರಡು ದಿನ ನನ್ನನ್ನು ಇಂದಿಗೂ ಕಾಡುತ್ತದೆ.

ಮೇಲ್ತೋಳಿನಲ್ಲಿ ಎರಡನೆಯದನ್ನು ಮಾಡಿಸಿಕೊಂಡೆ. ಅದು ಹಣ್ಣಾಗಲು, ಅಂದರೆ ನಾಳ ಹಿಗ್ಗಿ ಸೂಜಿಗೆ ಸಿದ್ಧವಾಗಲು, ಮೂರು ತಿಂಗಳು ಹಿಡಿಯಿತು. ನಾಲ್ಕು ವರ್ಷ ಕಳೆದ ಮೇಲೆ, ಶಿವರಾತ್ರಿಯ ಮರುವಾರ, ಎಂದಿನಂತೆ ಐದು ಗಂಟೆಗೆ ಎದ್ದು ತೋಳನ್ನು ಕಿವಿಗೆ ಹಿಡಿದೆ. ದಿನವೂ ದುಂಬಿ ಹಾರಿದಂತೆ ಗುಂಯ್ ಎಂದು ಎಡೆಬಿಡದೆ ಕೇಳುತ್ತಿದ್ದ ಸದ್ದು ಅಂದು ಸಣ್ಣ ಸಿಳ್ಳೆಯಾಗಿತ್ತು. ಬೆರಳಿಟ್ಟರೆ ಮೃದುವಾದ ಕಂಪನದ ಬದಲು ಗಟ್ಟಿಯಾದ ಬಡಿತ. ಕೈಯನ್ನು ತಲೆಯ ಮೇಲಕ್ಕೆ ಎತ್ತಿದರೆ ಉಬ್ಬಿದ ನಾಳ ಕುಸಿಯಬೇಕು, ಅದು ಕುಸಿಯಲಿಲ್ಲ. ಮುಂದೆ ಎಲ್ಲೋ ದಾರಿ ಕಿರಿದಾಗಿದೆ ಎನ್ನುವುದಕ್ಕೆ ಇವು ಗುರುತು. ಈ ಸಲ ಕಾಫಿಯನ್ನೂ ಕುಡಿಯದೆ ಹೊರಟೆ. ರಕ್ತದ ಹರಿವು ತೋರಿಸುವ ಸ್ಕ್ಯಾನ್ ಆದ ಡಾಪ್ಲರ್‌ನಲ್ಲಿ ಕಿರಿದಾದ ಜಾಗ ಸಿಕ್ಕಿತು, ಬಲೂನು ಹಾಕಿ ಹಿಗ್ಗಿಸಿದರು. ಮರುದಿನ ಅದೇ ಕೈಯಲ್ಲಿ ಡಯಾಲಿಸಿಸ್ ನಡೆಯಿತು. ಅದೇ ತೋಳು ಈಗಲೂ ನನ್ನನ್ನು ಬದುಕಿಸುತ್ತಿದೆ.

ಆದ್ದರಿಂದ ನಿಮ್ಮ "ಅದೂ ನಿಂತುಹೋದರೆ" ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ನಿಲ್ಲುವ ಮೊದಲು ಅದು ಸಾಮಾನ್ಯವಾಗಿ ಏನಾದರೂ ಸೂಚನೆ ಕೊಡುತ್ತದೆ. ಬೆಳಿಗ್ಗೆ ಎದ್ದೊಡನೆ ಒಮ್ಮೆ, ಮಲಗುವ ಮೊದಲು ಒಮ್ಮೆ ಮುಟ್ಟಿ, ಕೇಳಿ. ವಾಂತಿ ಭೇದಿ, ಜ್ವರ, ತಲೆಸುತ್ತು ಇದ್ದ ದಿನ ಎರಡು ಗಂಟೆಗೊಮ್ಮೆ ಮುಟ್ಟಿ. ಬಿಪಿ ಇಳಿದಾಗಲೇ ಫಿಸ್ಟುಲಾ ಕಟ್ಟಿಕೊಳ್ಳುವುದು ಹೆಚ್ಚು, ಅಮ್ಮನಿಗೆ ಆದದ್ದೂ ಅದೇ ಇರಬೇಕು. ಅಂಥ ದಿನ ಬಿಪಿ ಮಾತ್ರೆ ಕೊಡಬೇಕೋ ಬೇಡವೋ ಎಂದು ವೈದ್ಯರಿಗೆ ಫೋನ್ ಮಾಡಿ ಕೇಳಿಯೇ ಕೊಡಿ. ಸದ್ದು ನಿಂತಿತು ಎಂದರೆ ಮುಂದಿನ ಡಯಾಲಿಸಿಸ್ ದಿನಕ್ಕೆ ಕಾಯಬೇಡಿ, ಆ ಗಂಟೆಯೇ ಹೊರಡಿ.

ಎದೆಯ ನಾಳಗಳ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಕುತ್ತಿಗೆಯಲ್ಲೋ ಕಾಲರ್ ಮೂಳೆಯ ಕೆಳಗೋ ಕ್ಯಾತಿಟರ್ ಬಹಳ ದಿನ ಇದ್ದರೆ ಒಳಗಿನ ದೊಡ್ಡ ನಾಳ ಗಾಯಗೊಂಡು ಕಿರಿದಾಗಬಹುದು. ರಾಜಕಾಲುವೆ ಒತ್ತುವರಿಯಾದರೆ ಮೇಲಿನ ಬಡಾವಣೆಗೆ ನೀರು ನುಗ್ಗುವುದನ್ನು ನಮ್ಮ ಊರಿನಲ್ಲಿ ಪ್ರತಿ ಮಳೆಗಾಲ ನೋಡುತ್ತೇವಲ್ಲ, ಹಾಗೆಯೇ ಇದು. ಗೊತ್ತಿಲ್ಲದೆ ಅದೇ ಬದಿಯ ತೋಳಿನಲ್ಲಿ ಫಿಸ್ಟುಲಾ ಮಾಡಿದರೆ ರಕ್ತ ಮುಂದೆ ಹೋಗಲು ಜಾಗವಿಲ್ಲದೆ ತೋಳು ಊದಿಕೊಳ್ಳುತ್ತದೆ. ನನಗೆ ಹೀಗಾಗಿ ಎಡಗೈ ಬಾಳೆದಿಂಡಿನಷ್ಟು ದಪ್ಪವಾಗಿತ್ತು. ಅದಕ್ಕೂ ಬಲೂನು ಬೇಕಾಯಿತು.

ಇನ್ನು ದಿನನಿತ್ಯದ ಮಾತು. ಫಿಸ್ಟುಲಾ ಇರುವ ಕೈಗೆ ಬಿಪಿ ಪಟ್ಟಿ, ರಕ್ತ ಪರೀಕ್ಷೆಯ ಸೂಜಿ, ಡ್ರಿಪ್ ಯಾವುದೂ ಕೂಡದು. ಒಮ್ಮೆ ನಾನು ಬೇರೆ ಕಾಯಿಲೆಗೆಂದು ಒಂದು ತುರ್ತು ವಿಭಾಗದಲ್ಲಿ ಮಂಪರಿನಲ್ಲಿ ಮಲಗಿದ್ದಾಗ ಅದೇ ತೋಳಿಗೆ ಬಿಪಿ ಪಟ್ಟಿ ಸುತ್ತಿದ್ದರು. ಪಕ್ಕದಲ್ಲಿದ್ದ ಮಗ ಕಂಡು ಬಿಚ್ಚಿಸಿದ. ಆಮೇಲೆ ಎಲ್ಲಿಗೆ ದಾಖಲಾದರೂ ಪೆನ್ನಿನಲ್ಲಿ ತೋಳಿನ ಮೇಲೆಯೇ "ಈ ಕೈ ಬೇಡ" ಎಂದು ಬರೆಸಿಕೊಳ್ಳುತ್ತೇನೆ. ಆ ಕೈಗೆ ಬಿಗಿಯಾದ ಬಳೆ, ಕೈಗಡಿಯಾರ ಹಾಕಬಾರದು, ಅದನ್ನು ತಲೆದಿಂಬು ಮಾಡಿಕೊಂಡು ಮಲಗಬಾರದು. ಗಾಂಧಿಬಜಾರಿನಲ್ಲಿ ಹೆಂಗಸರು ತರಕಾರಿ ಚೀಲವನ್ನು ಮೊಣಕೈಗೆ ನೇತುಹಾಕಿಕೊಳ್ಳುತ್ತಾರಲ್ಲ, ಅದನ್ನು ಅಮ್ಮ ಮರೆಯಲೇಬೇಕು. ಫಿಸ್ಟುಲಾ ಇರುವ ಭಾಗವೇ ಅದು.

ಡಯಾಲಿಸಿಸ್ ತಂತ್ರಜ್ಞೆ, ಯಶವಂತಪುರ

ಮೇಡಂ, ಮೇಷ್ಟರು ಹೇಳಿದ್ದಕ್ಕೆ ನಮ್ಮ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಹೊಸ ಫಿಸ್ಟುಲಾಕ್ಕೆ ನಾವು ಆರರ ಲೆಕ್ಕ ನೋಡುತ್ತೇವೆ: ಆರು ವಾರ ಕಳೆದ ಮೇಲೆ ನಾಳ 6 ಮಿಲಿಮೀಟರ್ ಅಗಲವಾಗಿರಬೇಕು, ಚರ್ಮದಿಂದ 6 ಮಿಲಿಮೀಟರ್‌ಗಿಂತ ಆಳದಲ್ಲಿ ಇರಬಾರದು, ನಿಮಿಷಕ್ಕೆ 600 ಮಿಲಿಲೀಟರ್ ರಕ್ತ ಹರಿಯಬೇಕು. ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು ಸಮಯ ಬೇಕಾಗಬಹುದು. ಅವಸರಕ್ಕೆ ಹಸಿ ಫಿಸ್ಟುಲಾಕ್ಕೆ ಸೂಜಿ ಹಾಕಿ ಕೈಯೆಲ್ಲ ಕಪ್ಪುಗಟ್ಟಿಸಿಕೊಂಡವರನ್ನು ಕಂಡು ಹೇಳುತ್ತಿದ್ದೇನೆ. ಹೊಲಿಗೆ ಒಣಗಿದ ಮೇಲೆ, ವೈದ್ಯರು ಹೇಳಿದಂದಿನಿಂದ ಮೆತ್ತನೆಯ ಚೆಂಡು ಹಿಸುಕುವ ಅಭ್ಯಾಸ ಮಾಡಿಸಿ.

ಸೂಜಿಯ ಜಾಗ ಪ್ರತಿ ಸಲ ಬದಲಾಗಬೇಕು, ಏಣಿಯ ಮೆಟ್ಟಿಲು ಹತ್ತಿದಂತೆ ಸ್ವಲ್ಪ ಸ್ವಲ್ಪ ಮೇಲಕ್ಕೆ. ನೋವು ಕಡಿಮೆ ಎಂದು ರೋಗಿಗಳೇ ಹಳೆಯ ಜಾಗ ತೋರಿಸುತ್ತಾರೆ, ನಾವೂ ಕೆಲಸದ ಒತ್ತಡದಲ್ಲಿ ಒಪ್ಪಿಬಿಡುತ್ತೇವೆ. ವರ್ಷ ಕಳೆದ ಮೇಲೆ ಅಲ್ಲಿ ನಾಳ ಬುಗ್ಗೆಯಂತೆ ಉಬ್ಬುತ್ತದೆ. ಉಬ್ಬಿದ ಕಡೆ ಚರ್ಮ ತೆಳುವಾಗಿ ಹೊಳೆಯತೊಡಗಿದರೆ, ಹಕ್ಕಳೆ ಉದುರದೆ ಹಾಗೆಯೇ ಉಳಿದರೆ, ಅದೇ ದಿನ ಶಸ್ತ್ರವೈದ್ಯರಿಗೆ ತೋರಿಸಿ. ಅದು ಮನೆಯಲ್ಲಿ ಒಡೆದರೆ ಕ್ಷಣಕ್ಷಣವೂ ಅಮೂಲ್ಯ. ದಪ್ಪ ಟವೆಲ್ ಸುತ್ತಿ ಕೂರಬೇಡಿ, ಒಳಗೊಳಗೇ ರಕ್ತ ಹೋಗುವುದು ಕಾಣುವುದಿಲ್ಲ. ರಕ್ತ ಬರುವ ಬಿಂದುವಿನ ಮೇಲೆಯೇ ಎರಡು ಬೆರಳಿಟ್ಟು ಗಟ್ಟಿಯಾಗಿ ಒತ್ತಿ ಹಿಡಿದು, ಕೈ ಎತ್ತಿ ಹಿಡಿದು, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಿ.

ಒಂದು ನೋಟುಬುಕ್ಕು ಇಡಿ. ಡಯಾಲಿಸಿಸ್ ಆಗುವ ಪ್ರತಿ ದಿನ ಯಂತ್ರದಲ್ಲಿ ಕಾಣುವ ವೀನಸ್ ಒತ್ತಡವನ್ನು (ರಕ್ತ ದೇಹಕ್ಕೆ ಮರಳುವ ಕಡೆಯ ಒತ್ತಡ) ನಮ್ಮನ್ನು ಕೇಳಿ ಬರೆದುಕೊಳ್ಳಿ. ಅದು ವಾರದಿಂದ ವಾರಕ್ಕೆ ಏರುತ್ತಿದ್ದರೆ, ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದ್ದರೆ ಡಾಪ್ಲರ್ ಮಾಡಿಸಲು ವೈದ್ಯರನ್ನು ಕೇಳಿ. ಕೇಳಿದರೆ ನಮಗೆ ಬೇಸರವಿಲ್ಲ. ಇನ್ನೊಂದು ಮಾತು, ಫಿಸ್ಟುಲಾ ಇರುವ ಕೈಯ ಬೆರಳು ತಣ್ಣಗಾಗಿ, ಬಿಳಿಚಿ, ನೋಯುತ್ತಿದ್ದರೆ ಬೆರಳಿಗೆ ಹೋಗಬೇಕಾದ ರಕ್ತ ಫಿಸ್ಟುಲಾಕ್ಕೆ ಹೋಗುತ್ತಿದೆ ಎಂದರ್ಥ. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಚಳಿಗೆ ಹೀಗಾಗಿದೆ ಎಂದು ಸುಮ್ಮನಿರಬೇಡಿ.

ಮಗ, ಹೆಬ್ಬಾಳ

ಅಕ್ಕ, ನನ್ನ ತಂದೆಯವರು ಕ್ಯಾತಿಟರ್‌ನಲ್ಲೇ ಒಂದೂವರೆ ವರ್ಷ ಉಳಿದರು. ಅಮ್ಮನಂತೆ ಅವರೂ ಕೈಗೆ ಒಪ್ಪಿರಲಿಲ್ಲ. ಡಯಾಲಿಸಿಸ್ ಶುರುವಾದ ಅರ್ಧ ಗಂಟೆಗೆ ಹಲ್ಲು ಕಟಕಟ ಎನ್ನುವಷ್ಟು ನಡುಕ ಬರುತ್ತಿತ್ತು. ಒಂದು ಕಡೆ ಜ್ವರದ ಮಾತ್ರೆ ಕೊಟ್ಟು ಮನೆಗೆ ಕಳುಹಿಸಿದರು, ನಾವೂ ನಂಬಿ ಬಂದೆವು. ಮೂರು ವಾರದ ಮೇಲೆ ಸೊಂಟ ನೋವು ಎಂದರು. ಎಣ್ಣೆ ತಿಕ್ಕಿದೆವು. ಎಂಆರ್‌ಐ ಮಾಡಿಸಿದಾಗ ಸೋಂಕು ಬೆನ್ನುಮೂಳೆಗೆ ಇಳಿದಿರುವುದು ಗೊತ್ತಾಯಿತು. ಆರು ವಾರ ಆಂಟಿಬಯಾಟಿಕ್ ನಡೆಯಿತು, ಅವರು ಮತ್ತೆ ಮೊದಲಿನಂತೆ ನಡೆಯಲಿಲ್ಲ. ಕ್ಯಾತಿಟರ್ ಇರುವ ತನಕ ಯಾವ ನಡುಕವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಆಂಟಿಬಯಾಟಿಕ್ ಕೊಡುವ ಮೊದಲು, ಯಾವ ಕ್ರಿಮಿ ಎಂದು ತಿಳಿಸುವ ರಕ್ತದ ಕಲ್ಚರ್‌ಗೆ ಕಳುಹಿಸಿ ಎಂದು ನೀವೇ ಕೇಳಿ. ಕ್ಯಾತಿಟರ್ ಮುಚ್ಚಳ ತೆರೆಯುವಾಗ ಅಮ್ಮನೂ ಸಿಬ್ಬಂದಿಯೂ ಮಾಸ್ಕ್ ಹಾಕಿರಬೇಕು, ಅಮ್ಮ ಮುಖವನ್ನು ಆಚೆ ತಿರುಗಿಸಿರಬೇಕು. ಷವರ್ ಬೇಡ. ಎದೆಯಿಂದ ಕೆಳಕ್ಕೆ ಚೊಂಬಿನಲ್ಲಿ ನೀರು ಹಾಕಿ, ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಡ್ರೆಸ್ಸಿಂಗ್ ಒದ್ದೆಯಾದರೆ ಅಂದೇ ಬದಲಾಯಿಸಿ.

ಮೂತ್ರಪಿಂಡ ಸೋತವರ ದೇಹದಲ್ಲಿ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತದೆ. ಅಪ್ಪನಿಗೆ ರಾತ್ರಿ ಸಕ್ಕರೆ ಇಳಿದು ಎರಡು ಸಲ ಎಚ್ಚರ ತಪ್ಪಿತ್ತು. ಅಮ್ಮ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಪ್ರಮಾಣವನ್ನು ಮತ್ತೆ ನೋಡಿಸಿ.

ಗೃಹಿಣಿ, ಕೆಂಗೇರಿ

ತಂಗಿ, ಕೈಯ ದಾರಿಗಳೆಲ್ಲ ಮುಗಿದ ಮೇಲೆ ನಾನು ಹೊಟ್ಟೆಯ ಡಯಾಲಿಸಿಸ್‌ಗೆ ಬಂದೆ. ದಿನಕ್ಕೆ ನಾಲ್ಕು ಸಲ ಎರಡೆರಡು ಲೀಟರ್ ದ್ರವವನ್ನು ಹೊಟ್ಟೆಗೆ ತುಂಬಿ, ಹಳೆಯದನ್ನು ಹೊರಬಿಡಬೇಕು. ಸೂಜಿ ಇಲ್ಲ, ಬೆಳಗಿನ ಐದಕ್ಕೆ ಆಟೋ ಹುಡುಕುವ ಕಷ್ಟವಿಲ್ಲ. ಆದರೆ ಕೈ ತೊಳೆಯುವುದರಲ್ಲಿ ಮಡಿಗಿಂತ ಹೆಚ್ಚಿನ ಶಿಸ್ತು ಬೇಕು. ಹೊರಬಂದ ದ್ರವ ಅಕ್ಕಿ ತೊಳೆದ ನೀರಿನಂತೆ ಮಬ್ಬಾದರೆ ಸೋಂಕು ಎಂದು ತಿಳಿದು ಕೂಡಲೇ ಓಡಬೇಕು. ಹಿಂದೆ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ ಆದವರಿಗೆ ಕೆಲವೊಮ್ಮೆ ಆಗುವುದಿಲ್ಲ. ಅಮ್ಮನಿಗೆ ಆದೀತೇ ಎಂದು ಒಮ್ಮೆ ಕೇಳಿ ನೋಡಿ. ದಾರಿ ಇನ್ನೊಂದಿದೆ ಎಂದು ಗೊತ್ತಾದರೂ ಮನಸ್ಸಿಗೆ ಧೈರ್ಯ.

ಖರ್ಚಿನ ಬಗ್ಗೆ: ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ-ಯುರಾಲಜಿ ಸಂಸ್ಥೆ ಸರ್ಕಾರದ್ದು, ಕೆ.ಆರ್. ಮಾರುಕಟ್ಟೆ ಮೆಟ್ರೋ ನಿಲ್ದಾಣದಿಂದ ಹತ್ತಿರ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಯಾವ ಯಾವ ಚಿಕಿತ್ಸೆ ಅದರಲ್ಲಿ ಬರುತ್ತದೆ ಎಂದು ದಿನ ಗೊತ್ತುಮಾಡುವ ಮೊದಲೇ ವಿಚಾರಿಸಿ. ಮೂತ್ರಪಿಂಡ ಕಸಿಗೆ ಆಗುವ ದೇಹಸ್ಥಿತಿ ಇದ್ದರೆ ಆಸ್ಪತ್ರೆಯ ಮೂಲಕ, ಅಂಗದಾನ ನೋಡಿಕೊಳ್ಳುವ ಸರ್ಕಾರದ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸುವುದನ್ನೂ ಕೇಳಿ.

ಮಗಳು, ರಾಜಾಜಿನಗರ

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಹೆಬ್ಬಾಳದ ತಮ್ಮ ಬರೆದದ್ದನ್ನು ಎರಡು ಸಲ ಓದಿಸಿಕೊಂಡರು. ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಆ ಮೇಷ್ಟರ ಕೈಯಲ್ಲಿ ಈಗಲೂ ಸದ್ದು ಇದೆಯೇ, ಕೇಳು" ಎಂದರು. ಎದೆಯ ಪರೀಕ್ಷೆಗೆ ಒಪ್ಪಿದ್ದಾರೆ, ಬುಧವಾರ ಹೋಗುತ್ತಿದ್ದೇವೆ. ಶಸ್ತ್ರಚಿಕಿತ್ಸೆಯ ಮಾತು ಅದಾದ ಮೇಲೆ ಎಂದಿದ್ದಾರೆ.

ನಿವೃತ್ತ ಶಿಕ್ಷಕರು, ಬಸವನಗುಡಿ

ಇದೆ ತಾಯಿ, ಈಗ ತಾನೇ ಕಿವಿಗಿಟ್ಟು ಕೇಳಿದೆ, ಚೆನ್ನಾಗಿ ಕೇಳುತ್ತಿದೆ ಎಂದು ಹೇಳಿ. ಬುಧವಾರ ಹೋಗುವಾಗ ಇದುವರೆಗೆ ಯಾವ ಯಾವ ಬದಿಗೆ, ಯಾವ ತಿಂಗಳು ಕ್ಯಾತಿಟರ್ ಹಾಕಿದ್ದರು, ಯಾವಾಗ ಬದಲಾಯಿಸಿದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಹಳೆಯ ಡಿಸ್ಚಾರ್ಜ್ ಚೀಟಿಗಳನ್ನೂ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಎರಡೂ ತೋಳುಗಳ ರಕ್ತನಾಳಗಳನ್ನು ಕಾಪಾಡಿ. ರಕ್ತ ತೆಗೆಯಲು ಬಂದವರಿಗೆ ಅಂಗೈಯ ಹಿಂಭಾಗದಿಂದಲೇ ತೆಗೆಯಲು ಹೇಳಿ.