ಬ್ಯಾಂಕರ್ ಹಾಕಿದರೆ ನಡುವಿನ ವ್ಯಾಗನ್ ಹಳಿ ತಪ್ಪುತ್ತದೆ: ಎಚ್‌ಓ ಅಳತೆಯ ಸಕಲೇಶಪುರ ಘಟ್ಟ

ಸಿರಿಬಾಗಿಲು 87 | ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ನಾನು ಕಟ್ಟುತ್ತಿರುವುದು ಸುಬ್ರಹ್ಮಣ್ಯ ರೋಡ್–ಸಕಲೇಶಪುರ ಘಟ್ಟದ ಒಂದು ತುಣುಕಿನ ಮಾದರಿ ರೈಲು, 1:87 ಅಳತೆಯಲ್ಲಿ (ಎಚ್‌ಓ ಎಂದರೆ ಇದೇ). ಬ್ರಾಡ್‌ಗೇಜ್ ಆದ ನಂತರದ ಡೀಸೆಲ್ ಕಾಲ. ಪಣಂಬೂರು ಬಂದರಿನಿಂದ ಕಲ್ಲಿದ್ದಲು ಹೊತ್ತು ಮೇಲೇರುವ ಬಾಕ್ಸ್‌ಎನ್ ರೇಕ್ (ಮೇಲ್ಭಾಗ ತೆರೆದ ಗೂಡ್ಸ್ ವ್ಯಾಗನ್ನುಗಳ ಸಾಲು): 24 ವ್ಯಾಗನ್, ಕೊನೆಗೆ ಬ್ರೇಕ್ ವ್ಯಾನ್, ಮುಂದೆ ಒಂದು ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್, ಬ್ರೇಕ್ ವ್ಯಾನಿನ ಹಿಂದೆ ಬ್ಯಾಂಕರ್ (ಏರಿನಲ್ಲಿ ಹಿಂದಿನಿಂದ ತಳ್ಳುವ ಎಂಜಿನ್) ಆಗಿ ಇನ್ನೊಂದು. ನಿಜವಾದ ಘಟ್ಟದ ಏರು 50ಕ್ಕೆ 1. ಕೋಣೆಯ ಉದ್ದ ಸಾಲದೆ ನಾನು 40ಕ್ಕೆ 1 ಇಟ್ಟಿದ್ದೇನೆ. ಎರಡನೆಯ ಸುರಂಗದಿಂದ ಹೊರಬಂದ ಕೂಡಲೇ 610 ಮಿ.ಮೀ. ತ್ರಿಜ್ಯದ ಎಡ ತಿರುವು ಬರುತ್ತದೆ. ತೊಂದರೆ ಅಲ್ಲಿಯೇ.

ಮುಂದಿನ ಎಂಜಿನ್ ಒಂದೇ ಇದ್ದರೆ 24 ವ್ಯಾಗನ್ ಎಳೆಯಲಾಗದೆ ಗಾಲಿ ನಿಂತಲ್ಲೇ ತಿರುಗುತ್ತದೆ. ಬ್ಯಾಂಕರ್ ಸೇರಿಸಿದರೆ ಏರುತ್ತದೆ, ಆದರೆ ಆ ತಿರುವಿನಲ್ಲಿ 14ನೆಯ ಅಥವಾ 15ನೆಯ ವ್ಯಾಗನ್ ಉರುಳುತ್ತದೆ. ಸಮತಟ್ಟಾದ ಕಡೆ ಎರಡೂ ಎಂಜಿನ್ ಇದ್ದರೂ ಏನೂ ಆಗುವುದಿಲ್ಲ. ಹತ್ತು ವ್ಯಾಗನ್ ಮಾತ್ರ ಕಟ್ಟಿ ಒಂದೇ ಎಂಜಿನ್ನಿನಲ್ಲಿ ಎಳೆದರೆ ಅದೇ ತಿರುವನ್ನು ಸಲೀಸಾಗಿ ದಾಟುತ್ತದೆ. ಹಳಿಯ ಜೋಡಣೆಗಳನ್ನು ಬೆರಳಿನಿಂದ ಸವರಿ ನೋಡಿದೆ, ಮಟ್ಟಗೋಲು ಇಟ್ಟೆ, ಒಂದು ಮೀಟರ್ ಹಳಿಯನ್ನು ಕಿತ್ತು ಹೊಸದಾಗಿ ಹಾಕಿದೆ. ಫಲವಿಲ್ಲ. ಇನ್ನೊಮ್ಮೆ ಕೀಳುವ ಮುಂಚೆ ಕೇಳೋಣವೆಂದು ಬರೆಯುತ್ತಿದ್ದೇನೆ.

ಯಾರ್ಡ್ ಲೈನ್ 3 | ಶನಿವಾರ, ರಾತ್ರಿ 10:15

ತಿರುವು ಬಿಗಿಯಾಯಿತು ಸರ್. 760 ಮಿ.ಮೀ. ತ್ರಿಜ್ಯ ಮಾಡಿ, ಎಲ್ಲವೂ ಸರಿಹೋಗುತ್ತದೆ.

ಕೊಂಡಿ | ಶನಿವಾರ, ರಾತ್ರಿ 11:02

ತ್ರಿಜ್ಯ ದೊಡ್ಡದಾದಷ್ಟೂ ಒಳ್ಳೆಯದು ನಿಜ. ಆದರೆ ಬಾಕ್ಸ್‌ಎನ್ ಚಿಕ್ಕ ವ್ಯಾಗನ್. ಕಪ್ಲರಿನಿಂದ (ವ್ಯಾಗನ್ನುಗಳನ್ನು ಜೋಡಿಸುವ ಕೊಂಡಿ) ಕಪ್ಲರಿಗೆ 10.713 ಮೀಟರ್, 87ರಿಂದ ಭಾಗಿಸಿದರೆ 123 ಮಿ.ಮೀ. ಅಷ್ಟು ಗಿಡ್ಡ ವ್ಯಾಗನ್ನಿಗೆ 610ರ ತಿರುವು ಭಾರವಲ್ಲ. ಬೆಟ್ಟ ಒಡೆಯುವ ಮುಂಚೆ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು.

14ನೆಯ ವ್ಯಾಗನ್ನನ್ನು ಬಿಚ್ಚಿ 5ನೆಯ ಸ್ಥಾನಕ್ಕೆ ಹಾಕಿ. ಈಗ ಬೀಳುವುದು 5ನೆಯದೋ, ಮತ್ತೆ 14ನೆಯದೋ? ದೋಷ ವ್ಯಾಗನ್ನಿನ ಜೊತೆ ಹೋದರೆ ಗಾಲಿ ಅಥವಾ ಕಪ್ಲರ್ ನೋಡಬೇಕು. ಸ್ಥಾನದಲ್ಲಿಯೇ ಉಳಿದರೆ ಎಂಜಿನ್ನುಗಳನ್ನೂ ತೂಕವನ್ನೂ ನೋಡಬೇಕು.

ಎರಡನೆಯದು ಇನ್ನೂ ಮುಖ್ಯ. ವ್ಯಾಗನ್ ಯಾವ ಕಡೆಗೆ ಬೀಳುತ್ತದೆ, ತಿರುವಿನ ಒಳಗೋ ಹೊರಗೋ? ದಾರವನ್ನು ಬಾಗಿಸಿಟ್ಟು ಎರಡೂ ತುದಿ ಹಿಡಿದು ಜಗ್ಗಿದರೆ ಅದು ನೇರವಾಗಲು ನೋಡುತ್ತದೆ, ಹೊಟ್ಟೆ ಒಳಕ್ಕೆ ಬರುತ್ತದೆ. ರೇಕ್ ಅತಿಯಾದ ಎಳೆತಕ್ಕೆ ಸಿಕ್ಕಾಗಲೂ ಹಾಗೆಯೇ, ವ್ಯಾಗನ್ ಒಳಗೆ ಬೀಳುತ್ತದೆ. ಹಿಂದಿನಿಂದ ತಳ್ಳುವುದು ಹೆಚ್ಚಾದರೆ ಹೊರಗೆ ಬೀಳುತ್ತದೆ. ಬಿದ್ದ ದಿಕ್ಕನ್ನು ನೋಡಿದರೆ ಅರ್ಧ ಕಾಯಿಲೆ ಗೊತ್ತಾದಂತೆ. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆಯಿರಿ, ಕಣ್ಣಿಗೆ ನಂಬಿಕೆ ಸಾಲದು.

ಸಿರಿಬಾಗಿಲು 87 | ಭಾನುವಾರ, ಸಂಜೆ 5:30

ಬೆಳಿಗ್ಗೆಯಿಂದ ಹತ್ತು ಸಲ ಓಡಿಸಿದೆ. ವ್ಯಾಗನ್ ಬದಲಿಸಿದರೂ ಬೀಳುವುದು 14 ಅಥವಾ 15ನೆಯ ಸ್ಥಾನವೇ. ದಿಕ್ಕು ಮಾತ್ರ ನನ್ನನ್ನು ಗೊಂದಲಕ್ಕೆ ದೂಡಿದೆ. ಹತ್ತರಲ್ಲಿ ಆರು ಸಲ ಒಳಗೆ, ನಾಲ್ಕು ಸಲ ಹೊರಗೆ. ವಿಡಿಯೊವನ್ನು ಮತ್ತೆ ಮತ್ತೆ ನೋಡಿದ ಮೇಲೆ ಒಂದು ಸಂಗತಿ ಹೊಳೆಯಿತು. ಸುರಂಗದ ಮುಂದಿನ ಸಿಗ್ನಲಿನಲ್ಲಿ ಗಾಡಿ ನಿಂತು ಹೊರಟಾಗಲೆಲ್ಲ ಒಳಗೆ ಬಿದ್ದಿದೆ. ನಿಲ್ಲದೆ ಓಡಿ ಬಂದಾಗ ಹೊರಗೆ. ಗಾಡಿ ಆ ಸಿಗ್ನಲಿನಲ್ಲಿ ನಿಂತರೆ 14–15ನೆಯವು ಸರಿಯಾಗಿ ತಿರುವಿನ ನಡುವೆ ಇರುತ್ತವೆ.

ಒಂದು ವಿಷಯ ಹೇಳಲು ಮರೆತಿದ್ದೆ. ಪ್ಲಾಸ್ಟರಿನಲ್ಲಿ ಅಚ್ಚು ಹಾಕಿದ ಕಲ್ಲಿದ್ದಲು ಹದಿನಾರಕ್ಕೆ ಸಾಕಾಯಿತು. ಮುಂದಿನ ಹತ್ತು ಮತ್ತು ಹಿಂದಿನ ಆರು ವ್ಯಾಗನ್ ತುಂಬಿವೆ, ನಡುವಿನ ಎಂಟು ಖಾಲಿ. ನಡುವಿನವು ನೋಡುವವರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ ಎಂದುಕೊಂಡಿದ್ದೆ. ಚೆಂದ ಕಾಣಲಿ ಎಂದು ಹೊರಹಳಿಯ ಕೆಳಗೆ ರಟ್ಟು ಕೊಟ್ಟು 1.5 ಮಿ.ಮೀ. ಎತ್ತರಿಸಿಯೂ ಇದ್ದೇನೆ.

ಹಳಿಯ ಪಕ್ಕ | ಭಾನುವಾರ, ರಾತ್ರಿ 8:10

ನಾನು ಮಾದರಿ ಕಟ್ಟುವವನಲ್ಲ, ಗಾಡಿ ನೋಡುವವನು. ಇಷ್ಟು ದಿನ ಇಲ್ಲಿ ಓದುತ್ತಲೇ ಇದ್ದೆ. ಇವತ್ತು ಬರೆಯಲೇಬೇಕೆನಿಸಿತು.

ಹತ್ತು ತುಂಬಿದ್ದು, ಎಂಟು ಖಾಲಿ, ಮತ್ತೆ ಆರು ತುಂಬಿದ್ದು. ಇಂಥ ಕಲ್ಲಿದ್ದಲಿನ ರೇಕ್ ಈ ಘಟ್ಟದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಬಾಕ್ಸ್‌ಎನ್ ರೇಕ್ ಸಾಮಾನ್ಯವಾಗಿ ಇಡಿಯಾಗಿ ತುಂಬುತ್ತದೆ, ಇಡಿಯಾಗಿ ಖಾಲಿಯಾಗುತ್ತದೆ. ಒಂದು ಬಾಕ್ಸ್‌ಎನ್ ಖಾಲಿ ಇದ್ದಾಗ 22.47 ಟನ್, ತುಂಬಿದಾಗ 81.28 ಟನ್. ಮೂರೂವರೆ ಪಟ್ಟಿಗೂ ಹೆಚ್ಚು. ಮುಂದೆಯೂ ಹಿಂದೆಯೂ ಭಾರ ಇಟ್ಟು ನಡುವೆ ಹಗುರ ಬಿಟ್ಟರೆ, ಎಳೆತ ಬಂದರೂ ತಳ್ಳಾಟ ಬಂದರೂ ಮೊದಲು ಸೋಲುವುದು ಆ ನಡುವೇ.

ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಗೂಡ್ಸಿಗೆ ಹಿಂದಿನಿಂದ ಬ್ಯಾಂಕರ್ ಕಟ್ಟಿ ಹೊರಡುವುದನ್ನು ಪ್ಲಾಟ್‌ಫಾರ್ಮಿನಿಂದ ಎಷ್ಟೋ ಸಲ ನೋಡಿದ್ದೇನೆ. ಮುಂದಿನ ಎಂಜಿನ್ನಿನ ಗುಡುಗು ಮೊದಲು ದೂರದಿಂದ ಕೇಳುತ್ತದೆ. ಆಮೇಲೆ ಹತ್ತಿರದಲ್ಲಿರುವ ಹಿಂದಿನದು ದನಿ ಏರಿಸುತ್ತದೆ, ಕಾಲ ಕೆಳಗಿನ ನೆಲ ಸಣ್ಣಗೆ ನಡುಗುತ್ತದೆ. ಆಗ ವ್ಯಾಗನ್ನುಗಳ ನಡುವಿನ ಕೊಂಡಿಗಳನ್ನು ನೋಡಬೇಕು. ಮುಂಭಾಗದಲ್ಲಿ ಅವು ಬಿಗಿದು ಚಾಚಿಕೊಂಡಿರುತ್ತವೆ. ಹಿಂಭಾಗದಲ್ಲಿ ಒತ್ತಿಕೊಂಡಿರುತ್ತವೆ. ನಡುವೆ ಎಲ್ಲೋ ಒಂದು ಕಡೆ ಎಳೆತವೂ ಇಲ್ಲದ, ಒತ್ತಡವೂ ಇಲ್ಲದ ಕೊಂಡಿ ಇರುತ್ತದೆ. ಚಾಲಕರು ವಾಕಿಟಾಕಿಯಲ್ಲಿ ಮಾತಾಡಿಕೊಂಡು ಶಕ್ತಿ ಹೊಂದಿಸುತ್ತಾರೆ. ನಿಮ್ಮ ಎರಡು ಎಂಜಿನ್ನುಗಳ ನಡುವೆ ಆ ಮಾತುಕತೆ ಇಲ್ಲ ಎಂದು ನನಗೆ ಅನಿಸುತ್ತಿದೆ.

ಇದನ್ನು ಓದಿ ನೋಡಲು ಹೊರಡುವವರಿಗೆ ಒಂದು ವಿನಂತಿ. ನಿಲ್ದಾಣದಿಂದ ನೋಡಿ, ಇಲ್ಲವೆ ಹಗಲಿನ ರೈಲಿನ ಕಿಟಕಿಯಿಂದ ನೋಡಿ. ಘಟ್ಟದ ಹಳಿಯ ಮೇಲೆ ನಡೆದು ಹೋಗುವುದು ನಿಷಿದ್ಧ. ಅಲ್ಲಿ 57 ಸುರಂಗಗಳಿವೆ, ಒಳಗೆ ಗಾಡಿ ಬಂದರೆ ಸರಿದು ನಿಲ್ಲಲು ಜಾಗ ಸಿಗದೆ ಹೋಗಬಹುದು.

ಕೊಂಡಿ | ಭಾನುವಾರ, ರಾತ್ರಿ 9:25

'ಹಳಿಯ ಪಕ್ಕ' ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಮಾದರಿಯಲ್ಲಿ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ. ನಮ್ಮ ಎಂಜಿನ್ನುಗಳಲ್ಲಿ ಮೋಟಾರಿನಿಂದ ಗಾಲಿಗೆ ಶಕ್ತಿ ಹೋಗುವುದು ವರ್ಮ್ ಗಿಯರಿನ ಮೂಲಕ. ಮೋಟಾರ್ ತಿರುಗದಿದ್ದರೆ ಗಾಲಿಯೂ ತಿರುಗುವುದಿಲ್ಲ. ಹಿಂದಿನ ಎಂಜಿನ್ ಒಂದು ಕ್ಷಣ ತಡವಾಗಿ ಹೊರಟರೂ ಅದು ಲಂಗರು ಹಾಕಿದಂತೆ. ಮುಂದಿನದು ಎಳೆಯುತ್ತದೆ, ಹಿಂದಿನದು ಕದಲುವುದಿಲ್ಲ, ರೇಕ್ ದಾರದಂತೆ ಬಿಗಿಯುತ್ತದೆ, ತಿರುವಿನಲ್ಲಿರುವ ಹಗುರ ವ್ಯಾಗನ್ ಒಳಕ್ಕೆ ಮಗುಚುತ್ತದೆ. ಹೊರಹಳಿ ಎತ್ತರಿಸಿದ್ದೀರಿ, ಆದ್ದರಿಂದ ವ್ಯಾಗನ್ ಮೊದಲೇ ಒಳಕ್ಕೆ ವಾಲಿರುತ್ತದೆ. ಓಟ ಹಿಡಿದ ಮೇಲೆ ಹಿಂದಿನದು ಮುಂದಿನದಕ್ಕಿಂತ ವೇಗವಾಗಿದ್ದರೆ ಅದೇ ವ್ಯಾಗನ್ ಹೊರಕ್ಕೆ ಬೀಳುತ್ತದೆ. ನಿಮ್ಮ ಆರು ಮತ್ತು ನಾಲ್ಕರ ಲೆಕ್ಕ ಇದಕ್ಕೆ ತಾಳೆಯಾಗುತ್ತದೆ.

ಈಗ ಅಳೆಯಿರಿ. ರೇಕ್ ಬಿಚ್ಚಿಡಿ. ಸಮತಟ್ಟಾದ ಹಳಿಯಲ್ಲಿ 2 ಮೀಟರ್ ಗುರುತು ಹಾಕಿ, ಎರಡು ಎಂಜಿನ್ನುಗಳನ್ನೂ ಒಂದೊಂದಾಗಿ ಅದೇ ಸ್ಪೀಡ್ ಸ್ಟೆಪ್ಪಿನಲ್ಲಿ (ನಿಯಂತ್ರಕದ ವೇಗದ ಹಂತ) ಓಡಿಸಿ. ಗಂಟೆಗೆ 30 ಕಿ.ಮೀ. ವೇಗವನ್ನು 87ರಿಂದ ಭಾಗಿಸಿದರೆ ಸೆಕೆಂಡಿಗೆ 96 ಮಿ.ಮೀ. ಅಂದರೆ 2 ಮೀಟರ್ ದಾಟಲು ಸುಮಾರು 21 ಸೆಕೆಂಡ್ ಬೇಕು. ಯಾವ ಸ್ಟೆಪ್ಪಿನಲ್ಲಿ ಯಾವುದು ಮೊದಲು ಕದಲುತ್ತದೆ ಎಂಬುದನ್ನೂ ಬರೆದಿಡಿ. ಜೊತೆಗೆ ಪ್ರತಿ ವ್ಯಾಗನ್ನನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ.

ಸಿರಿಬಾಗಿಲು 87 | ಸೋಮವಾರ, ರಾತ್ರಿ 10:50

ಮುಂದಿನದು 21 ಸೆಕೆಂಡ್. ಬ್ಯಾಂಕರ್ 17 ಸೆಕೆಂಡ್, ಅಂದರೆ ಗಂಟೆಗೆ 37 ಕಿ.ಮೀ. ಹೊರಡುವಾಗ ಮಾತ್ರ ತಿರುಗುಮುರುಗು: ಮುಂದಿನದು 2ನೆಯ ಸ್ಟೆಪ್ಪಿಗೇ ಕದಲುತ್ತದೆ, ಬ್ಯಾಂಕರ್ 5ರವರೆಗೆ ಅಲ್ಲಾಡುವುದೇ ಇಲ್ಲ. ಡಿಕೋಡರ್ (ಎಂಜಿನ್ನಿನೊಳಗೆ ಮೋಟಾರನ್ನು ನಿಯಂತ್ರಿಸುವ ಚಿಪ್) ಎರಡೂ ಬೇರೆ ಬೇರೆ ಕಂಪನಿಯವು. ಅದರ ಸೆಟ್ಟಿಂಗುಗಳಲ್ಲಿ ಸಿವಿ 3 (ವೇಗ ಏರುವ ದರ) ಒಂದರಲ್ಲಿ 4, ಇನ್ನೊಂದರಲ್ಲಿ 12 ಇದೆ. ತುಂಬಿದ ವ್ಯಾಗನ್ 93 ಗ್ರಾಂ, ಖಾಲಿ ವ್ಯಾಗನ್ 58.

ಇದನ್ನು ಅಳೆಯದೆ ಹಳಿ ಕಿತ್ತು ಹಾಕಿದ್ದಕ್ಕೆ ಬೇಸರವಾಗುತ್ತಿದೆ.

ಕೊಂಡಿ | ಸೋಮವಾರ, ರಾತ್ರಿ 11:30

ಬೇಸರ ಬೇಡ, ಕಾರಣ ಕೈಗೆ ಸಿಕ್ಕಿತು.

ಮೊದಲು ಹೊರಡುವಿಕೆ. ಬ್ಯಾಂಕರಿನ ಸಿವಿ 2 (ಹೊರಡುವ ವೋಲ್ಟೇಜ್) ಏರಿಸುತ್ತಾ ಹೋಗಿ, ಎರಡೂ ಒಂದೇ ಸ್ಟೆಪ್ಪಿಗೆ ಕದಲಬೇಕು. ಸಿವಿ 3 ಮತ್ತು ಸಿವಿ 4 (ವೇಗ ಇಳಿಯುವ ದರ) ಎರಡೂ ಎಂಜಿನ್ನುಗಳಲ್ಲಿ ಒಂದೇ ಬೆಲೆಯಿಂದ ಶುರು ಮಾಡಿ. ಕಂಪನಿ ಬೇರೆಯಾದ್ದರಿಂದ ಒಂದೇ ಅಂಕಿಗೆ ಒಂದೇ ಫಲ ಸಿಗದಿರಬಹುದು, ಕಣ್ಣಿನಿಂದ ನೋಡಿ ಹೊಂದಿಸಿ. ಆಮೇಲೆ ಸಿವಿ 5 ಮತ್ತು 6 (ಗರಿಷ್ಠ ವೇಗ ಮತ್ತು ನಡುವಿನ ವೇಗ) ಇಳಿಸಿ ಬ್ಯಾಂಕರನ್ನು 21 ಸೆಕೆಂಡಿಗೆ ತನ್ನಿ. ಕೂದಲೆಳೆಯಷ್ಟು ನಿಧಾನ ಇದ್ದರೂ ನಡೆಯುತ್ತದೆ, ವೇಗ ಮಾತ್ರ ಬೇಡ.

ಇನ್ನೊಂದು ಮುಖ್ಯ ಕೆಲಸವಿದೆ. ಬ್ಯಾಂಕರಿನ ಡಿಕೋಡರಿನಲ್ಲಿ ಬ್ಯಾಕ್ ಇಎಂಎಫ್ ನಿಯಂತ್ರಣವನ್ನು ಆರಿಸಿ ಅಥವಾ ತಗ್ಗಿಸಿ. ಅದು ಇದ್ದರೆ ಪ್ರತಿ ಎಂಜಿನ್ನೂ ತನ್ನ ವೇಗವನ್ನೇ ಹಟ ಹಿಡಿದು ಕಾಯುತ್ತದೆ, ಒಂದು ಇನ್ನೊಂದಕ್ಕೆ ಬಗ್ಗುವುದಿಲ್ಲ. ತೆಗೆದರೆ ಭಾರ ಬಿದ್ದಾಗ ಬ್ಯಾಂಕರ್ ತುಸು ನಿಧಾನಿಸುತ್ತದೆ, ಹಗುರವಾದಾಗ ಚುರುಕಾಗುತ್ತದೆ, ಹೊರೆ ತಾನಾಗಿಯೇ ಹಂಚಿಹೋಗುತ್ತದೆ. ಯಾವ ಸಿವಿ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಕೈಪಿಡಿ ನೋಡಿಕೊಳ್ಳಿ.

ತೂಕಕ್ಕೆ ಅಮೆರಿಕದ ಮಾದರಿ ರೈಲು ಸಂಘವಾದ ಎನ್‌ಎಂಆರ್‌ಎ ಸೂತ್ರ ಇದೆ: ಎಚ್‌ಓದಲ್ಲಿ 1 ಔನ್ಸ್, ಅದರ ಮೇಲೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್. ನಿಮ್ಮ 123 ಮಿ.ಮೀ. ವ್ಯಾಗನ್ನಿಗೆ 97 ಗ್ರಾಂ ಬರುತ್ತದೆ. ತುಂಬಿದವು 93 ಇವೆ, ಅವನ್ನು ಮುಟ್ಟಬೇಡಿ. ಖಾಲಿ ಎಂಟಕ್ಕೆ ತಲಾ 39 ಗ್ರಾಂ ಸೇರಿಸಿ. ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ವಾಷರ್ ಸಾಕು. ಅವನ್ನು ನೆಲಕ್ಕೆ ಒತ್ತಿ ಅಂಟಿಸಿ, ಭಾರ ಮೇಲೆ ಹೋದಷ್ಟೂ ಮಗುಚುವುದು ಸುಲಭ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., 1:87ರಲ್ಲಿ ಅದು 19.3 ಆಗಬೇಕಿತ್ತು. ನಾವೆಲ್ಲ ಓಡಿಸುತ್ತಿರುವುದು 16.5ರ ಹಳಿಯ ಮೇಲೆ. ಕಾಲು ಕೂಡಿಸಿ ನಿಂತವರನ್ನು ತಳ್ಳಿದರೆ ಬೇಗ ಬೀಳುತ್ತಾರಲ್ಲ, ನಮ್ಮ ವ್ಯಾಗನ್ನುಗಳ ಪಾಡೂ ಅದೇ. ಹೊರಹಳಿಯ ರಟ್ಟನ್ನು ಅರ್ಧ ಮಿ.ಮೀ.ಗೆ ಇಳಿಸಿ, ಕಣ್ಣಿಗೆ ಅಷ್ಟು ಸಾಕು.

ಯಾರ್ಡ್ ಲೈನ್ 3 | ಮಂಗಳವಾರ, ಬೆಳಿಗ್ಗೆ 7:05

ಅಷ್ಟು ತೂಕ ಸೇರಿಸಿದರೆ ಎಂಜಿನ್ ಏರುತ್ತದೆಯೇ?

ಕೊಂಡಿ | ಮಂಗಳವಾರ, ಬೆಳಿಗ್ಗೆ 8:20

24 ವ್ಯಾಗನ್ ಸೇರಿ 2,264 ಗ್ರಾಂ ಆಗುತ್ತದೆ. 40ಕ್ಕೆ 1ರ ಏರಿನಲ್ಲಿ ಹಿಂದಕ್ಕೆ ಜಗ್ಗುವ ಪಾಲು 57 ಗ್ರಾಂ, ಗಾಲಿಗಳ ತಿಕ್ಕಾಟ ಬೇರೆ. ಒಂದು ಎಂಜಿನ್ನಿಗೆ ಕಷ್ಟ, ಎರಡು ಹಂಚಿಕೊಂಡರೆ ಆಗುತ್ತದೆ. ಘಟ್ಟದಲ್ಲಿ ಬ್ಯಾಂಕರ್ ಹಾಕುವುದೇ ಅದಕ್ಕೆ.

ಸಿರಿಬಾಗಿಲು 87 | ಶುಕ್ರವಾರ, ರಾತ್ರಿ 9:15

ಹೇಳಿದ್ದನ್ನೆಲ್ಲ ಮಾಡಿದೆ. ಬ್ಯಾಂಕರ್ ಈಗ 21.5 ಸೆಕೆಂಡ್. ಸಿಗ್ನಲಿನಲ್ಲಿ ನಿಲ್ಲಿಸಿ ಹೊರಡಿಸಿದರೆ ಒಂದು ಸಲವೂ ಒಳಗೆ ಬೀಳಲಿಲ್ಲ. ಆದರೆ ಎಂಟು ಸುತ್ತಿಗೊಮ್ಮೆ ಒಂದು ವ್ಯಾಗನ್ ಹೊರಗೆ ಇಳಿಯುತ್ತದೆ. ಈ ಬಾರಿ ಸ್ಥಾನ ಬದಲಿಸಿದರೂ ಅದೇ ವ್ಯಾಗನ್.

ಕೊಂಡಿ | ಶುಕ್ರವಾರ, ರಾತ್ರಿ 9:40

ಈಗ ದೋಷ ವ್ಯಾಗನ್ನಿನದು. ತಲೆಕೆಳಗೆ ಮಾಡಿ ನೋಡಿ. ಕಪ್ಲರ್ ವ್ಯಾಗನ್ನಿನ ತಳಕ್ಕೆ ಕೂತಿದೆಯೋ, ಬೋಗಿಗೋ? (ಬೋಗಿ ಎಂದರೆ ಇಲ್ಲಿ ನಾಲ್ಕು ಗಾಲಿಗಳ ಚೌಕಟ್ಟು, ಪ್ರಯಾಣಿಕರ ಡಬ್ಬಿಯಲ್ಲ.) ಬೋಗಿಗೆ ಕೂತಿದ್ದರೆ ತಳ್ಳುವಾಗ ಆ ಬಲ ಬೋಗಿಯನ್ನೇ ಓರೆಯಾಗಿ ತಿರುಗಿಸುತ್ತದೆ, ಗಾಲಿಯ ಅಂಚು ಹಳಿಯ ಮೇಲೆ ಹತ್ತುತ್ತದೆ.

ಸಿರಿಬಾಗಿಲು 87 | ಭಾನುವಾರ, ಸಂಜೆ 6:45

ಬೋಗಿಗೇ ಕೂತಿತ್ತು! ಮೊದಮೊದಲು ಕಟ್ಟಿದ ವ್ಯಾಗನ್ ಅದು. ಕಪ್ಲರ್ ಕತ್ತರಿಸಿ ತೆಗೆದು, ಪೆಟ್ಟಿಗೆಯನ್ನು ತಳಕ್ಕೆ ತಿರುಪು ಹಾಕಿ ಕೂರಿಸಿದೆ. ಎತ್ತರವನ್ನು ಪಕ್ಕದ ವ್ಯಾಗನ್ನಿಗೆ ಸರಿಹೊಂದಿಸಿದೆ. ನಿನ್ನೆಯಿಂದ ಇಂದಿನವರೆಗೆ ಮೂವತ್ತು ಸುತ್ತು, ನಿಂತು ಹೊರಟಿದ್ದು ಹನ್ನೆರಡು ಸಲ. ಒಂದೂ ಹಳಿ ತಪ್ಪಲಿಲ್ಲ.

ನಡುವಿನ ಎಂಟಕ್ಕೂ ಕಲ್ಲಿದ್ದಲು ತುಂಬಿದೆ. ಇದ್ದಿಲನ್ನು ಕುಟ್ಟಿ, ಚಹಾ ಸೋಸುವ ಜರಡಿಯಲ್ಲಿ ಹಿಡಿದು, ವಾಷರಿನ ಮೇಲೆ ಇಟ್ಟ ಫೋಮಿನ ಹಾಳೆಗೆ ಅಂಟಿಸಿದೆ. ಪ್ಲಾಸ್ಟರಿನ ಅಚ್ಚಿಗಿಂತ ಇದೇ ಚೆನ್ನಾಗಿದೆ, ಉಳಿದ ಹದಿನಾರನ್ನೂ ಹೀಗೆಯೇ ಬದಲಿಸುತ್ತೇನೆ.

'ಹಳಿಯ ಪಕ್ಕ' ಅವರೇ, ಇವತ್ತು ಸುರಂಗದ ಬಾಯಿಯ ಮಟ್ಟಕ್ಕೆ ಕಣ್ಣಿಟ್ಟು ಕೊಂಡಿಗಳನ್ನು ನೋಡಿದೆ. ಮುಂದಿನವು ಬಿಗಿದಿದ್ದವು, ಹಿಂದಿನವು ಒತ್ತಿಕೊಂಡಿದ್ದವು. ನೀವು ಹೇಳಿದ ಆ ಸಡಿಲ ಕೊಂಡಿ 13 ಮತ್ತು 14ರ ನಡುವೆ ಇತ್ತು. ತಿರುವಿಗೆ ಬಂದಾಗ ಅದು 12ರ ಕಡೆಗೆ ಸರಿಯಿತು.

ಹಳಿಯ ಪಕ್ಕ | ಭಾನುವಾರ, ರಾತ್ರಿ 8:30

ಓದಿ ತುಂಬಾ ಸಂತೋಷವಾಯಿತು. ಮುಂದಿನ ತಿಂಗಳು ಸುಬ್ರಹ್ಮಣ್ಯಕ್ಕೆ ಹೋಗುವವನಿದ್ದೇನೆ. ಬ್ಯಾಂಕರ್ ಕಟ್ಟುವಾಗಿನ ಸದ್ದನ್ನು ಪ್ಲಾಟ್‌ಫಾರ್ಮಿನಿಂದ ಮುದ್ರಿಸಿಕೊಂಡು ಬಂದು ಕಳಿಸುತ್ತೇನೆ, ನಿಮ್ಮ ಘಟ್ಟಕ್ಕೆ ಬೇಕಾಗುತ್ತದೆ.